ಲಕ್ವಕ್ಕೆ ವಯಸ್ಸಿನ ಹಂಗಿಲ್ಲ

ಲಕ್ವ ಎಂದರೆ ಅಜ್ಜ, ಅಜ್ಜಿಯರ ಕಾಯಿಲೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಬೆಂಗಳೂರಿನ ಜೆರೋಧಾ ಸಂಸ್ಥಾಪಕ ನಿತಿನ್ ಕಾಮತ್ ತಮಗೆ ಲಘು ಪಾರ್ಶ್ವವಾಯು ಆಗಿತ್ತೆಂದು 2024ರ ಫೆಬ್ರುವರಿಯಲ್ಲಿ ಹೇಳಿಕೊಂಡಾಗ ಅವರಿಗೆ 44 ವರ್ಷ. ಫಿಟ್‌ನೆಸ್‌ಗೆ ಹೆಸರಾದವರಿಗೇ ಹೀಗಾಯಿತೇ ಎಂದು ಹಲವರು ಅಚ್ಚರಿಪಟ್ಟರು.

ಈ ಅಚ್ಚರಿಯಲ್ಲೇ ಅಪಾಯವಿದೆ. ಇಪ್ಪತ್ತರ ಹುಡುಗನ ಮಾತು ತೊದಲಿದರೆ ‘ಕುಡಿದಿರಬೇಕು’ ಎನ್ನುತ್ತಾರೆ. ಹುಡುಗಿಗೆ ತಲೆ ಸುತ್ತಿದರೆ ‘ತಿಂಡಿ ಬಿಟ್ಟಿರಬೇಕು’ ಎನ್ನುತ್ತಾರೆ. ವಯಸ್ಸು ನೋಡಿ ವೈದ್ಯರೂ ಕೆಲವೊಮ್ಮೆ ಮೈಗ್ರೇನ್ ಎಂದುಕೊಳ್ಳುವುದುಂಟು. ಮೊದಲ ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣುತ್ತದೆ. ರಕ್ತನಾಳ ಕಟ್ಟಿಕೊಂಡು ಆದ ಹಾನಿ ಆರಂಭದಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಅನುಮಾನ ಉಳಿದರೆ ಎಂ.ಆರ್‌.ಐ. ಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ.

ಯುವಜನರಲ್ಲಿ ಕಾರಣಗಳೂ ಹಲವು: ಕುತ್ತಿಗೆಯ ರಕ್ತನಾಳದ ಒಳಪದರ ಹರಿಯುವುದು, ಹೃದಯದ ತೊಂದರೆ, ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು. ಜೊತೆಗೆ ಸಿಗರೇಟು, ಪರೀಕ್ಷಿಸಿಕೊಳ್ಳದ ಬಿ.ಪಿ.

ಯಂತ್ರ ಕೆಟ್ಟರೆ ಎಷ್ಟು ಹೊತ್ತಿಗೆ ಕೆಟ್ಟಿತೆಂದು ಮೊದಲು ಬರೆದಿಡಬೇಕೆಂಬುದು ನಮಗೆ ಗೊತ್ತು. ಇಲ್ಲಿಯೂ ವೈದ್ಯರು ಮೊದಲು ಕೇಳುವುದು ಅದನ್ನೇ. ಇದ್ದಕ್ಕಿದ್ದಂತೆ ಮುಖ ಸೊಟ್ಟಗಾಯಿತೇ, ಎತ್ತಿದ ಕೈ ಜಾರಿತೇ, ಮಾತು ತೊದಲಿತೇ? ಒಂದು ಕಂಡರೂ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಿ. ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎನ್ನಬೇಡಿ.

ಕಾಲೇಜು ಶುರುವಾದ ಮೊದಲ ವಾರದಲ್ಲಿ ರ‍್ಯಾಗಿಂಗ್ ವಿರುದ್ಧ ತಿಳಿವಳಿಕೆ ಕೊಡುತ್ತಾರೆ. ಅದರ ಜೊತೆ ಹತ್ತು ನಿಮಿಷ ಇದನ್ನೂ ಹೇಳಿಕೊಟ್ಟರೆ, ಹಾಸ್ಟೆಲ್‌ನಲ್ಲಿ ಕುಸಿದುಬಿದ್ದವರನ್ನು ಪಕ್ಕದ ರೂಮಿನವರೇ ಸಮಯಕ್ಕೆ ಆಸ್ಪತ್ರೆಗೆ ತಲುಪಿಸಬಲ್ಲರು.