ಕುರುಡಾದ ಕಾವಲುಗಾರ

2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕೊಂದರಿಂದ 17 ಕಿಲೋಗ್ರಾಮಿಗೂ ಮಿಕ್ಕ ಚಿನ್ನ ಕಳವಾಯಿತು. ಎಚ್ಚರಗಂಟೆಯನ್ನು ಕಳ್ಳರು ಮೊದಲೇ ನಿಷ್ಕ್ರಿಯಗೊಳಿಸಿದ್ದರು. ನಮ್ಮ ಜಮಖಂಡಿ, ಮುಧೋಳ, ಬೀಳಗಿಗಳ ಬ್ಯಾಂಕುಗಳೂ ರಬಕವಿ-ಬನಹಟ್ಟಿಯ ಸೀರೆ ಮಳಿಗೆಗಳೂ ಇದರಿಂದ ಪಾಠ ಕಲಿಯಬೇಕು.

ಗಂಟೆಯನ್ನು ಮೂಕಗೊಳಿಸುವುದಕ್ಕಿಂತ ಸೂಕ್ಷ್ಮವಾದ ಉಪಾಯವೊಂದುಂಟು: ಚಲನಶೋಧಕವನ್ನೇ ಕುರುಡಾಗಿಸುವುದು. ಮನುಷ್ಯನ ಮೈ ಸೂಸುವ, ಸುಮಾರು 10 ಮೈಕ್ರೋಮೀಟರ್ ಅಲೆಯುದ್ದದ ಅವಗೆಂಪು ಕಿರಣಗಳೇ ಅದಕ್ಕೆ ಕಳ್ಳನ ಸುಳಿವು. ಕಣ್ಣಿಗೆ ಪಾರದರ್ಶಕವಾದ ಗಾಜು ಈ ಕಿರಣಗಳಿಗೆ ಗೋಡೆಯೇ ಸರಿ. ಆದ್ದರಿಂದ ಹಗಲು ಗಿರಾಕಿಯಂತೆ ಬಂದವನು ಮಸೂರಕ್ಕೆ ಬಣ್ಣವಿಲ್ಲದ ಮೆರುಗೆಣ್ಣೆಯನ್ನು ಬಳಿದುಹೋದರೆ ಯಾರಿಗೂ ಕಾಣದು. ರಾತ್ರಿ ಯಂತ್ರಕ್ಕೆ ಕಳ್ಳನೂ ಕಾಣನು.

ಯೂರೋಪಿನ ಇ.ಎನ್. 50131 ಮಾನಕವು 3ನೆಯ ದರ್ಜೆಯ ಶೋಧಕಕ್ಕೆ ಇಂಥ ಮರೆಯನ್ನು ಪತ್ತೆಹಚ್ಚುವ ಗುಣವನ್ನು ಕಡ್ಡಾಯಗೊಳಿಸಿದೆ. ಅಂಥ ಶೋಧಕವು ತಾನೇ ಕಿರಣವನ್ನು ಬೀರಿ, ಮಸೂರದ ಬಳಿ ಅದರ ಪ್ರತಿಫಲನ ಬದಲಾದರೆ ದೂರು ಕೊಡುತ್ತದೆ.

ಎದುರಿಗೆ ನಡೆದಾಡಿ ದೀಪ ಮಿನುಗಿತೆಂದು ತೃಪ್ತಿಪಡುವುದು ಸಾಲದೆಂದು ನಮ್ಮ ಮತ. ಕಪ್ಪು ಕಾಗದದಿಂದಲೂ ಪಾರದರ್ಶಕ ಅಂಟುಹಾಳೆಯಿಂದಲೂ ಮಸೂರವನ್ನು ಮುಚ್ಚಿ, 3 ನಿಮಿಷದೊಳಗೆ ದೂರು ಬರುವುದೇ ಎಂದು ನೋಡಬೇಕು. ಕುರುಡು ಶೋಧಕದ ಮೌನಕ್ಕೂ ಕಳ್ಳನಿಲ್ಲದ ಕೋಣೆಯ ಮೌನಕ್ಕೂ ಕಿವಿ ಭೇದವನ್ನರಿಯದು. ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿಯೂ ಇದೇ ನ್ಯಾಯ: ಉಪಕರಣದ ಮೌನವನ್ನು ನಂಬುವ ಮೊದಲು ಅದಕ್ಕೆ ಕಣ್ಣಿದೆಯೇ ಎಂದು ಪರೀಕ್ಷಿಸಿರಿ.