ನೂರು ಕುದುರೆಯ ಅಮೀರ ಸುಲ್ತಾನನಾದ ಬಗೆ

ಬಹಮನಿ ರಾಜ್ಯ ಕಟ್ಟಿದ ಹಸನ್‌ನ ಹೆಸರು ಬಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಗಂಗು ಬ್ರಾಹ್ಮಣನ ಕತೆ. ದಿಲ್ಲಿಯಲ್ಲಿ ಗಂಗು ಎಂಬ ಜ್ಯೋತಿಷಿಯ ಹೊಲ ಉಳುತ್ತಿದ್ದ ಆಳು ಹಸನ್. ನೇಗಿಲಿಗೆ ಹೊನ್ನಿನ ಕೊಪ್ಪರಿಗೆ ಸಿಕ್ಕಿತು. ಅದನ್ನು ಹಾಗೆಯೇ ಧಣಿಗೆ ಒಪ್ಪಿಸಿದ. ಸುದ್ದಿ ಅರಮನೆ ಮುಟ್ಟಿ, ಅವನಿಗೆ ನೂರು ಕುದುರೆಗಳ ಹುದ್ದೆ ದಕ್ಕಿತು. ಹೀಗೆಂದು ಬರೆದವನು ಫಿರಿಸ್ತಾ, 17ನೇ ಶತಮಾನದ ಆರಂಭದಲ್ಲಿ, ವಿಜಯಪುರದ ಆಸ್ಥಾನದಲ್ಲಿ ಕೂತು. ಹಸನ್ ಪಟ್ಟಕ್ಕೆ ಬಂದು ಆಗಲೇ ಎರಡೂವರೆ ಶತಮಾನ ಕಳೆದಿತ್ತು.

ಹಸನ್‌ನ ಕಾಲದಲ್ಲೇ, 1350ರಲ್ಲಿ ತನ್ನ ಕಾವ್ಯ ಮುಗಿಸಿದ ಇಸಾಮಿಯಲ್ಲಿ ಈ ಕತೆ ಇಲ್ಲ. ಅವನು ತನ್ನ ಒಡೆಯನನ್ನು ಪ್ರಾಚೀನ ಇರಾನಿನ ರಾಜ ಬಹಮನ್‌ನ ವಂಶಕ್ಕೆ ಸೇರಿಸುತ್ತಾನೆ. ಒಬ್ಬ ಅದೃಷ್ಟ ಎಂದ, ಇನ್ನೊಬ್ಬ ರಕ್ತ ಎಂದ. ನನ್ನ ಮಟ್ಟಿಗೆ ಹಸನ್‌ನನ್ನು ಮೇಲೆತ್ತಿದ್ದು ಇವೆರಡೂ ಅಲ್ಲ. ಅವನಿದ್ದ ಹುದ್ದೆ, ಮತ್ತು ಆ ಹುದ್ದೆಯ ಮೇಲೆ ಬಂದೆರಗಿದ ಅಂತರ್ಯುದ್ಧ.

ದಿಲ್ಲಿ ಸೈನ್ಯದ ಲೆಕ್ಕ ಹತ್ತರ ಲೆಕ್ಕ. ಅಂದಿನ ಇತಿಹಾಸಕಾರ ಬರನಿ ಕೊಡುವ ವಿವರದಂತೆ ಹತ್ತು ಸವಾರರಿಗೆ ಒಬ್ಬ ಸರ್‌ಖೇಲ್, ಹತ್ತು ಸರ್‌ಖೇಲರಿಗೆ ಒಬ್ಬ ಸಿಪಾಹಸಾಲಾರ್, ಅಂಥ ಹತ್ತು ಜನರ ಮೇಲೆ ಅಮೀರ, ಅವನ ಮೇಲೆ ಮಲಿಕ್, ಕೊನೆಗೆ ಖಾನ್. ಕಾಗದದ ಮೇಲೆ ಇದು ನೇರ ಏಣಿ. ನಿಜದಲ್ಲಿ ಮೇಲಿನ ಮೆಟ್ಟಿಲುಗಳು ಸುಲ್ತಾನನ ಕೃಪೆಗೆ ಬಿಟ್ಟವು. ದಖ್ಖನಿನಲ್ಲಿ ಬೇರೂರಿದ್ದವರು 'ಅಮೀರಾನ್-ಎ-ಸದಾ', ಅಂದರೆ ನೂರರ ಅಮೀರರು: ಹೆಸರಿಗೆ ಅಮೀರರು, ಕೈಕೆಳಗೆ ನೂರೇ ಸವಾರರು. ಹಸನ್ ಇವರಲ್ಲೊಬ್ಬ. ತಮ್ಮ ಸವಾರರ ಮುಖ ಒಬ್ಬೊಬ್ಬರದಾಗಿ ಬಲ್ಲಷ್ಟು ಚಿಕ್ಕ ಅಧಿಕಾರಿಗಳು, ಆದರೆ ಹಳ್ಳಿಗಳಿಂದ ಕಂದಾಯ ಎತ್ತುವಷ್ಟು ದೊಡ್ಡವರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಣ. ಇವೆರಡೂ ಒಬ್ಬನಲ್ಲೇ ಸೇರಿದರೆ ಏನಾಗಬಹುದೆಂಬುದಕ್ಕೆ ಕಲಬುರಗಿಯೇ ಮೊದಲ ಸಾಕ್ಷಿ: 1340ರ ಆಸುಪಾಸಿನಲ್ಲಿ ಇಲ್ಲಿಗೆ ಕಂದಾಯ ವಸೂಲಿಗೆ ಬಂದ ಅಲಿ ಷಾ ಎಂಬ ಅಮೀರ ಸ್ಥಳೀಯ ಅಧಿಕಾರಿಯನ್ನು ಕೊಂದು, ಖಜಾನೆ ಹಿಡಿದು, ಬೀದರಿನ ಕಡೆ ದಂಡೆತ್ತಿ ಹೋದ. ಅಲ್ಲಿ ಸೋತ.

ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ಗೆ ಈ ಅಮೀರರ ಮೇಲೆ ಅನುಮಾನ ಬೆಳೆಯಿತು. ಮಾಳವದಲ್ಲಿ ಅವನ ಅಧಿಕಾರಿ ಅಜೀಜ್ ಖಮ್ಮಾರ್ ಎಂಬತ್ತಕ್ಕೂ ಹೆಚ್ಚು ಅಮೀರರ ತಲೆ ಕಡಿಸಿದ. ಅಂತರ್ಯುದ್ಧಕ್ಕೆ ಕಿಡಿ ಬಿದ್ದದ್ದು ಇಲ್ಲಿಯೇ ಎಂದು ನನಗನಿಸುತ್ತದೆ. ಸುಮ್ಮನಿದ್ದರೂ ಸಾವು, ಎದ್ದರೂ ಸಾವು ಎಂದಾದಾಗ ನಿಷ್ಠೆಗೆ ಅರ್ಥ ಉಳಿಯುವುದಿಲ್ಲ. ಗುಜರಾತಿನ ಅಮೀರರು ಬಂಡೆದ್ದರು. ದೌಲತಾಬಾದಿನವರನ್ನು ಸುಲ್ತಾನ ಭರೂಚಿಗೆ ಕರೆಸಿದಾಗ ಅವರು ದಾರಿಯಲ್ಲೇ ತಿರುಗಿಬಿದ್ದು, ಕಾವಲಿನವರನ್ನು ಕೊಂದು, ಕೋಟೆಗೆ ಮರಳಿ, ಇಸ್ಮಾಯಿಲ್ ಮುಖ್ ಎಂಬ ಹಿರಿಯನನ್ನು ಸುಲ್ತಾನನನ್ನಾಗಿ ಮಾಡಿಕೊಂಡರು. ಎರಡೂ ಕಡೆ ನಿಂತಿದ್ದು ದಿಲ್ಲಿಯ ದಂಡೇ.

ತುಘಲಕ್ ಸ್ವತಃ ಬಂದು ಬಂಡಾಯಗಾರರನ್ನು ಬಯಲಿನಲ್ಲಿ ಸೋಲಿಸಿದ. ಇಸ್ಮಾಯಿಲ್ ಕೋಟೆಯೊಳಗೆ ಸಿಕ್ಕಿಕೊಂಡ. ಜಫರ್ ಖಾನ್ ಎಂಬ ಬಿರುದು ಪಡೆದಿದ್ದ ಹಸನ್ ಮಾತ್ರ ಒಳಗೆ ಕೂರಲಿಲ್ಲ, ಕಲಬುರಗಿಯ ಕಡೆ ಹೊರಬಿದ್ದ. ಅವನ ಬದುಕಿನ ದೊಡ್ಡ ನಿರ್ಧಾರ ಇದೇ. ಹೊರಗಿದ್ದವನಿಗೆ ಮೇವು, ಜೋಳ, ಕಂದಾಯ, ಹೊಸ ಜನ ಎಲ್ಲವೂ ಸಿಗುತ್ತಿತ್ತು. ಆ ಜೋಳ ಯಾರ ಹಗೇವಿನಿಂದ ಬಂತು ಎಂದು ಯಾವ ಆಸ್ಥಾನ ಕವಿಯೂ ಬರೆದಿಲ್ಲ. ಈ ಸೀಮೆಯ ರೈತರಲ್ಲದೆ ಇನ್ನಾರು ಕೊಡಬೇಕಿತ್ತು? ಅಷ್ಟರಲ್ಲಿ ಗುಜರಾತಿನಲ್ಲಿ ತಘಿ ಎಂಬವನ ದಂಗೆ ಎದ್ದು ಸುಲ್ತಾನ ಅತ್ತ ಹೊರಟ. ಅವನು ಬಿಟ್ಟುಹೋದ ಸೇನಾಪತಿ ಇಮಾದುಲ್ ಮುಲ್ಕ್ ಸರ್ತೇಜ್‌ನನ್ನು ಹಸನ್ ಕದನದಲ್ಲಿ ಕೊಂದ. ವರಂಗಲ್ಲಿನ ಕಾಪಯ ನಾಯಕ ಕಳಿಸಿದ ಕಾಲಾಳುಗಳೂ ಅವನ ಬೆನ್ನಿಗಿದ್ದರೆಂದು ಫಿರಿಸ್ತಾ ಹೇಳುತ್ತಾನೆ. ಗೆದ್ದವನು ದೌಲತಾಬಾದಿಗೆ ಬಂದಾಗ ಇಸ್ಮಾಯಿಲ್ ತಾನಾಗಿ ಪಟ್ಟ ಬಿಟ್ಟುಕೊಟ್ಟ. 1347ರ ಆಗಸ್ಟ್ 3ರಂದು ಹಸನ್ ಅಲಾಉದ್ದೀನ್ ಬಹಮನ್ ಷಾ ಆದ, ಕಲಬುರಗಿ ರಾಜಧಾನಿಯಾಯಿತು.

ಯುದ್ಧ ಅವನಿಗೆ ಮಲಿಕ್, ಖಾನ್ ಎಂಬ ಮೆಟ್ಟಿಲುಗಳನ್ನು ದಾಟಿಸಿತ್ತು. ಅದೇ ದಾರಿ ಉಳಿದವರಿಗೂ ಕಾಣುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಭೀಮೆಯ ಆಚೆ, ಜೇವರ್ಗಿ ದಾಟಿದರೆ ಸಿಗುವ ಸಗರದಲ್ಲಿ ಅಮೀರರು ತಿರುಗಿಬಿದ್ದಾಗ ಅವನೇ ದಂಡೆತ್ತಿ ಹೋಗಬೇಕಾಯಿತು. ಪಟ್ಟ ಬಿಟ್ಟುಕೊಟ್ಟ ಇಸ್ಮಾಯಿಲ್‌ಗೆ ಮೊದಲು ಅಮೀರರ ಅಮೀರನೆಂಬ ಪದವಿ ಸಿಕ್ಕಿತು. ದರ್ಬಾರಿನಲ್ಲಿ ಸೈಫುದ್ದೀನ್ ಘೋರಿ ಎಂಬ ಇನ್ನೊಬ್ಬ ಅಧಿಕಾರಿಗೆ ತನಗಿಂತ ಮೇಲಿನ ಸ್ಥಾನ ಸಿಕ್ಕಿದ್ದನ್ನು ಸಹಿಸದೆ ಅವನು ಒಳಸಂಚು ಹೂಡಿದ. ಹಸನ್ ಅವನನ್ನು ಕೊಲ್ಲಿಸಿ, ಅವನ ಪದವಿಯನ್ನು ಅವನ ಮಗನಿಗೇ ಕೊಟ್ಟ.