ಎಂಜಿನ್ನು ನಿಂತರೂ ವಿಚಾರ ನಿಲ್ಲಬಾರದು

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ಕಾರಿಗೊಂದು ವ್ಯಾಧಿ ತಗುಲಿತು. ವೇಗವಾಗಿ ಓಡುವಾಗ ಯಾವ ತೊಂದರೆಯೂ ಇಲ್ಲ. ಸಿಗ್ನಲ್ಲಿನ ಕೆಂಪು ದೀಪದ ಮುಂದೆ ನಿಲ್ಲಿಸಿದೊಡನೆ ಎಂಜಿನ್ನು ಗಡಗಡನೆ ನಡುಗುವುದು, ಒಮ್ಮೊಮ್ಮೆ ನಿಂತೇಹೋಗುವುದು. ದುರಸ್ತಿಯ ಅಂಗಡಿಯೊಂದರಲ್ಲಿ ಪರೀಕ್ಷಾಯಂತ್ರವನ್ನು ಜೋಡಿಸಿ ನೋಡಿದಾಗ ‘ಪಿ 0171’ ಎಂಬ ಸಂಕೇತ ಮೂಡಿತು. ಆಮ್ಲಜನಕದ ಸಂವೇದಕವನ್ನು ಬದಲಿಸಿದರು; ನಡುಕ ಹೋಗಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದರು, ಆಗಲೂ ಹೋಗಲಿಲ್ಲ. ಹೋದುದು ನಮ್ಮ ಹಣ ಮಾತ್ರ. ಕಟ್ಟಕಡೆಗೆ ಸಿಕ್ಕಿಬಿದ್ದ ಅಪರಾಧಿ ಯಾವುದು? ಬಿರುಕು ಬಿಟ್ಟ, ಗೇಣುದ್ದದ ಒಂದು ರಬ್ಬರಿನ ಕೊಳವೆ!

ಭೌತವಿಜ್ಞಾನವನ್ನು ಬೋಧಿಸುವ ನಾವೇ ವಿಚಾರಮಾಡದೆ ಹಣ ತೆತ್ತೆವೆಂಬುದು ನಾಚಿಕೆಯ ಸಂಗತಿ. ಆ ಸಂಕೇತದ ಅರ್ಥವಾದರೂ ಏನು? ‘ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲು ಇಲ್ಲ’ ಎಂಬುದಷ್ಟೆ. ಅದು ರೋಗದ ಲಕ್ಷಣವೇ ಹೊರತು ರೋಗದ ಹೆಸರಲ್ಲ. ಜ್ವರಮಾಪಕ 102 ಡಿಗ್ರಿ ತೋರಿಸಿದರೆ ಜ್ವರಮಾಪಕವನ್ನೇ ಬದಲಿಸುವ ವೈದ್ಯರುಂಟೆ?

ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು; ಎಥನಾಲ್ ಬೆರೆತಿದ್ದರೆ ತುಸು ಕಡಮೆ ಸಾಕು. ನಮ್ಮ ಕಾರಿನಂತಹವುಗಳಲ್ಲಿ ಒಳಹೋಗುವ ಗಾಳಿಯನ್ನು ಒಂದು ಸಂವೇದಕವು ಅಳೆಯುತ್ತದೆ. ಅದರಂತೆ ಪೆಟ್ರೋಲು ಸಿಂಪಡಿಸಲ್ಪಡುತ್ತದೆ. ಸಂವೇದಕದಿಂದಾಚೆ ಕೊಳವೆ ಬಿರಿದರೆ ಅಳತೆಗೆ ಸಿಗದ ಗಾಳಿ ಕಳ್ಳನಂತೆ ಒಳನುಗ್ಗುತ್ತದೆ. ಮೆಕ್ಯಾನಿಕರು ಐಡ್ಲಿಂಗ್ ಎನ್ನುವ ಮಂದಗತಿಯಲ್ಲಿ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಅದರೊಳಗಿನ ಒತ್ತಡ ಹೊರಗಿನ ಒತ್ತಡದ ಮೂರನೆಯ ಒಂದರಷ್ಟಕ್ಕೆ ಇಳಿದಿರುವುದುಂಟು. ಸೆಳೆತ ಹೆಚ್ಚು, ಬೇಕಾದ ಗಾಳಿ ಸ್ವಲ್ಪ. ಹತ್ತು ಪಾಲು ಗಾಳಿಗೆ ಒಂದು ಪಾಲು ಕದ್ದು ಬಂದರೆ ಮಿಶ್ರಣ ಕೆಡುತ್ತದೆ. ವೇಗದಲ್ಲಿ ನೂರು ಪಾಲಿನ ನಡುವೆ ಅದೇ ಒಂದು ಪಾಲು ಗಣನೆಗೇ ಬಾರದು.

ಈಗ ಊಹೆಗಳನ್ನು ತೂಗಿ ನೋಡೋಣ. ಪೆಟ್ರೋಲು ಪಂಪು ದುರ್ಬಲವಾಗಿದ್ದರೂ ಇದೇ ಸಂಕೇತ ಬರಬಹುದು. ಆದರೆ ಆಗ ತೊಂದರೆ ಏರು ಹತ್ತುವಾಗ ಹೆಚ್ಚಬೇಕು. ನಮ್ಮಲ್ಲಿ ಅದು ವಿಪರೀತವಾಗಿತ್ತು. ಒಂದೇ ಸಿಲಿಂಡರಿನ ಕಿಡಿ ತಪ್ಪುತ್ತಿದ್ದರೆ ನಡುಕಕ್ಕೊಂದು ತಾಳವಿರಬೇಕು: ನಿಮಿಷಕ್ಕೆ 800 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನ ಒಂದು ಸಿಲಿಂಡರು 400 ಸಲ ಉರಿಯಬೇಕು, ಆದಕಾರಣ ಸೆಕೆಂಡಿಗೆ ಆರೇಳು ಕುಲುಕು. ನಮ್ಮ ಕಾರಿನ ನಡುಕಕ್ಕೆ ಅಂತಹ ತಾಳವಿರಲಿಲ್ಲ. ಉಳಿದುದು ಗಾಳಿಯ ಸೋರಿಕೆ. ಕಾಗದದ ಮೇಲೆ ಐದು ನಿಮಿಷ ಯೋಚಿಸಿದ್ದರೆ ಇಷ್ಟು ಹೊಳೆಯುತ್ತಿತ್ತು.

ಕಂಡುಹಿಡಿದವರು ಇನ್ನೊಂದು ಅಂಗಡಿಯ ವೃದ್ಧ ಮೆಕ್ಯಾನಿಕರು. ಅವರು ಕೇಳಿದ ಮೊದಲ ಪ್ರಶ್ನೆ: “ಓಡುವಾಗ ಸರಿಹೋಗುತ್ತದೆಯೇ, ಸಾರ್?” ಅನಂತರ ಒಂದು ರಬ್ಬರು ನಳಿಗೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕೊಳವೆಗಳ ಬಳಿ ಆಡಿಸುತ್ತ ‘ಸುಸ್’ ಎಂಬ ಸದ್ದನ್ನು ಹಿಡಿದರು. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಆ ದಿನ ನಮಗಿಂತ ಉತ್ತಮ ಭೌತವಿಜ್ಞಾನಿ ಅವರೇ.

ಗಿರಾಕಿಗೆ ಅವಸರ, ಅಂಗಡಿಯವನಿಗೆ ಸಮಯವೇ ಹಣ, ಬದಲಿಸಿ ನೋಡುವುದೇ ಸುಲಭವೆಂದು ಕೆಲವರು ವಾದಿಸಬಹುದು. ಆದರೆ ಒಟ್ಟಿಗೆ ಮೂರು ಭಾಗಗಳನ್ನು ಬದಲಿಸಿ ಎಂಜಿನ್ನು ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯದು. ಮುಂದಿನ ಸಲ ಮತ್ತೆ ಅದೇ ಕತ್ತಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠವಲ್ಲವೆ?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲೂ ಒಂದು ಹಳೆಯ ಎಂಜಿನ್ನಿರಲಿ. ಅಧ್ಯಾಪಕರು ಗುಟ್ಟಾಗಿ ಅದರಲ್ಲೊಂದು ದೋಷವನ್ನು ಹೂಡಲಿ. ವಿದ್ಯಾರ್ಥಿಗಳು ಊಹಿಸಿ, ಪರೀಕ್ಷಿಸಿ, ಪತ್ತೆಹಚ್ಚಲಿ. ಅದನ್ನು ಬಯಲಿನಲ್ಲೇ ಓಡಿಸಬೇಕು. ಮುಚ್ಚಿದ ಕೋಣೆಯಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡು ಪ್ರಾಣಾಂತಕ. ತಿರುಗುವ ಬೆಲ್ಟಿನ ಬಳಿ ಕೈ ಸುಳಿಯಬಾರದು. ಉತ್ತರವನ್ನು ಮೊದಲೇ ಅಚ್ಚುಹಾಕಿದ ಪ್ರಯೋಗಗಳನ್ನು ನಮ್ಮ ತರುಣರು ಬೇಕಾದಷ್ಟು ಮಾಡಿದ್ದಾರೆ. ಉತ್ತರ ತಿಳಿಯದ ಒಂದನ್ನಾದರೂ ಮಾಡಲಿ.